ಕಾರಿನ ಎಂಜಿನ್ ಬಿಚ್ಚುವ ಮೊದಲು

ಕಾರಿನಲ್ಲಿ ಹಳದಿ ದೀಪ ಹತ್ತಿಕೊಂಡಿತು, ಗ್ಯಾರೇಜಿಗೆ ಒಯ್ದರೆ “ಎಂಜಿನ್ ಬಿಚ್ಚಬೇಕಮ್ಮ” ಎಂದುಬಿಟ್ಟರು. ಈ ಮಾತು ಈಗ ನಮ್ಮಂಥ ಸಣ್ಣ ಊರಿನ ಮನೆಗಳಲ್ಲೂ ಕೇಳಿಬರುತ್ತಿದೆ. ಎಂಜಿನ್ ಬಿಚ್ಚುವುದೆಂದರೆ ಸಣ್ಣ ಖರ್ಚೇನಲ್ಲ. ಆ ಹಣ ಬರುವುದಾದರೂ ಎಲ್ಲಿಂದ? ಮಗಳ ಕಾಲೇಜು ಫೀಸಿಗೋ, ಸೋರುವ ಮಾಡಿಗೋ ಎಂದು ನಾವು ಕೂಡಿಟ್ಟ ಗಂಟಿನಿಂದಲೇ ತಾನೇ? ಆದ್ದರಿಂದ ಬಾನೆಟ್ಟಿನ ಒಳಗಿನ ವಿಚಾರ ಗಂಡಸರಿಗೆ ಬಿಟ್ಟದ್ದು ಅಂತ ನಾವು ಸುಮ್ಮನೆ ಕೂರುವುದು ನನಗಂತೂ ಸರಿ ಕಾಣುವುದಿಲ್ಲ.

ಈಗಿನ ಪೆಟ್ರೋಲ್ ಕಾರುಗಳಲ್ಲಿ ಹೆಚ್ಚಿನವಕ್ಕೆ ವೇರಿಯಬಲ್ ವಾಲ್ವ್ ಟೈಮಿಂಗ್ ಎಂಬ ಏರ್ಪಾಡಿದೆ. ಮಾರುತಿಯವರು ವಿವಿಟಿ ಅಂತಾರೆ, ಟೊಯೋಟಾದವರು ವಿವಿಟಿ-ಐ, ಹ್ಯುಂಡೈಯವರು ವಿಟಿವಿಟಿ. ಹೆಸರು ಬೇರೆ, ಕೆಲಸ ಹೆಚ್ಚುಕಡಿಮೆ ಒಂದೇ. ಇದು ತೀರಾ ಹೊಸದೂ ಅಲ್ಲ. ಇಟಲಿಯ ಆಲ್ಫಾ ರೋಮಿಯೋ ಕಂಪನಿ 1980ರಲ್ಲೇ ತನ್ನ ಕಾರಿನಲ್ಲಿ ಇದನ್ನು ಅಳವಡಿಸಿತ್ತು.

ಕೆಲಸ ಏನೆಂದು ಕೇಳುತ್ತೀರಾ? ಮದುವೆ ಮನೆಯ ಪಂಕ್ತಿಯನ್ನು ನೆನೆದುಕೊಳ್ಳಿ. ನಾಲ್ಕೇ ಜನ ಊಟಕ್ಕಿದ್ದರೆ ಎಂಜಲೆಲೆ ತೆಗೆದು, ಒರೆಸಿ, ಆಮೇಲೆ ನಿಧಾನವಾಗಿ ಹೊಸ ಎಲೆ ಹಾಕಬಹುದು. ಇನ್ನೂರು ಜನ ಕಾಯುತ್ತಿದ್ದರೆ? ಆ ತುದಿಯಲ್ಲಿ ಎಲೆ ಎತ್ತುತ್ತಿರುವಾಗಲೇ ಈ ತುದಿಯಲ್ಲಿ ಬಡಿಸುವವರು ಒಳಗೆ ಬಂದಿರಬೇಕು. ಎಂಜಿನ್ನಿನಲ್ಲೂ ಗಾಳಿ ಪೆಟ್ರೋಲು ಒಳಗೆ ಬಿಡುವ ವಾಲ್ವ್ ಬೇರೆ, ಹೊಗೆ ಹೊರಗೆ ಬಿಡುವ ವಾಲ್ವ್ ಬೇರೆ. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಒಂದೊಂದು ವಾಲ್ವೂ ಸೆಕೆಂಡಿಗೆ 25 ಸಲ ತೆರೆದು ಮುಚ್ಚಬೇಕು! ಸಿಗ್ನಲ್ಲಿನಲ್ಲಿ ನಿಂತಾಗ ಒಂದು ಹೊತ್ತು, ಘಟ್ಟ ಹತ್ತುವಾಗ ಇನ್ನೊಂದು ಹೊತ್ತು. ಈ ಹೊತ್ತನ್ನು ಹಿಂದೆ ಮುಂದೆ ಮಾಡುವುದೇ ವಿವಿಟಿ.

ಇದನ್ನು ತಿರುಗಿಸುವ ಶಕ್ತಿ ಬರುವುದು ಎಲ್ಲಿಂದ ಗೊತ್ತೇ? ನಾವು ಡಬ್ಬಿಯಿಂದ ಹಾಕಿಸುವ ಎಂಜಿನ್ ಆಯಿಲ್‌ನಿಂದಲೇ. ವಾಲ್ವುಗಳನ್ನು ಒತ್ತುವ ಕ್ಯಾಮ್ ಶಾಫ್ಟಿನ ತುದಿಯಲ್ಲಿ ಫೇಸರ್ ಎಂಬ ಗಾಲಿ ಇದೆ. ಅದರೊಳಗೆ ಸಣ್ಣ ಸಣ್ಣ ಕೋಣೆಗಳು. ಕಂಪ್ಯೂಟರ್ ಹೇಳಿದಂತೆ ಸೊಲೆನಾಯ್ಡ್ ಎಂಬ ಬೆರಳುದ್ದದ ಕರೆಂಟಿನ ನಲ್ಲಿ ಆ ಕೋಣೆಗೋ ಈ ಕೋಣೆಗೋ ಆಯಿಲ್ ಬಿಡುತ್ತದೆ, ಗಾಲಿ ಕೊಂಚ ಹೊರಳುತ್ತದೆ. ಅನೇಕ ಕಾರುಗಳಲ್ಲಿ ಆಯಿಲ್ ಹೋಗುವ ದಾರಿಗೆ ಟೀ ಸೋಸುವ ಜಾಲರಿಯಂಥದೇ ಒಂದು ಪುಟ್ಟ ಜಾಲರಿಯೂ ಇರುತ್ತದೆ. ಆಯಿಲ್ ಕಡಿಮೆಯಾದರೆ, ಗಸಿಯಾದರೆ, ಜಾಲರಿ ಕಟ್ಟಿಕೊಂಡರೆ ಗಾಲಿ ಹೇಳಿದ ಮಾತು ಕೇಳುವುದಿಲ್ಲ. ದೋಷ ಹುಡುಕುವವರು ಮೊದಲು ನೋಡಬೇಕಾದದ್ದು ಇಲ್ಲಿಯೇ.

ನನ್ನ ನಾದಿನಿಯ ಮನೆಯ ಕಾರಿಗೆ ಕಳೆದ ಮಳೆಗಾಲದಲ್ಲಿ ಆದದ್ದು ಇದೇ. ನಿಂತಲ್ಲಿ ಎಂಜಿನ್ ಗಡಗಡ ನಡುಗುವುದು, ಒಮ್ಮೊಮ್ಮೆ ಆಫ್ ಆಗಿಯೇ ಬಿಡುವುದು. ಮೈಲೇಜೂ ಇಳಿದಿತ್ತು. ಗ್ಯಾರೇಜೊಂದರಲ್ಲಿ ಚೈನು, ಫೇಸರು ಎಲ್ಲ ಬದಲಿಸಬೇಕೆಂದು ಪಟ್ಟಿ ಬರೆದುಕೊಟ್ಟರು. ಪಟ್ಟಿ ನೋಡಿ ಅವಳಿಗೆ ಎದೆ ಧಸಕ್ಕೆಂದಿತು. “ಅತ್ತಿಗೆ, ಚೀಟಿ ಹಣ ಎತ್ತಿಬಿಡಲಾ?” ಅಂತ ಫೋನ್ ಮಾಡಿದಳು. ನನ್ನ ತಮ್ಮ ಬಹಳ ವರ್ಷದಿಂದ ಇದೇ ಕಸುಬಿನಲ್ಲಿರುವವನು. ಅವನನ್ನು ಕೇಳಿದೆ. “ಅಕ್ಕಾ, ಸ್ಕ್ಯಾನರ್ ಹಾಕಿದ್ರಾ? ಯಾವ ಕೋಡ್ ಬಂತು? ಅದಕ್ಕೂ ಮೊದಲು ಆಯಿಲ್ ನೋಡಿದ್ರಾ?” ಅಂದ. ಮೂರಕ್ಕೂ ಅವಳಲ್ಲಿ ಉತ್ತರವಿರಲಿಲ್ಲ.

ಆಯಿಲ್ ನೋಡುವುದಕ್ಕೆ ಮೆಕ್ಯಾನಿಕ್ ಬೇಕಿಲ್ಲ. ಸಮತಟ್ಟಾದ ನೆಲದಲ್ಲಿ ಕಾರು ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಐದು ಹತ್ತು ನಿಮಿಷ ಬಿಡಿ. ಡಿಪ್‌ಸ್ಟಿಕ್ ಎಳೆದು ಹಳೇ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಳಗೆ ತೂರಿಸಿ ಮತ್ತೆ ತೆಗೆಯಿರಿ. ಎರಡು ಗುರುತುಗಳ ನಡುವೆ ಆಯಿಲ್ ಇರಬೇಕು. ಬಣ್ಣ ಕಪ್ಪಾಗಿದ್ದ ಮಾತ್ರಕ್ಕೆ ಹೆದರಬೇಡಿ, ಓಡಿದ ಆಯಿಲ್ ಕಪ್ಪಾಗಿಯೇ ಇರುತ್ತದೆ. ಗಸಿಯಂತೆ ಅಂಟಿಕೊಂಡಿದ್ದರೆ ಮಾತ್ರ ಒಳ್ಳೆಯದಲ್ಲ. ನಾದಿನಿಯ ಕಾರಿನಲ್ಲಿ ಆಯಿಲ್ ಕೆಳಗಿನ ಗುರುತಿಗೂ ಮುಟ್ಟಿರಲಿಲ್ಲ! ಅದೂ ಅಲ್ಲದೆ, ಕಾರಿನ ಪುಸ್ತಕದಲ್ಲಿ 0ಡಬ್ಲ್ಯೂ-20 ಎಂದು ಬರೆದಿದ್ದರೆ, ಹಾಕಿದ್ದು 20ಡಬ್ಲ್ಯೂ-50. ದಪ್ಪ ಆಯಿಲ್ ಎಂಜಿನ್ನಿಗೆ ಪುಷ್ಟಿ ಎನ್ನುವುದು ಹಳೆಯ ಕಾಲದ ನಂಬಿಕೆ. ಚಳಿಗೆ ಗಟ್ಟಿಯಾದ ಕೊಬ್ಬರಿ ಎಣ್ಣೆ ಬಾಟಲಿಯಿಂದ ಇಳಿಯಲು ಎಷ್ಟು ಸತಾಯಿಸುತ್ತದೆ? ದಪ್ಪ ಆಯಿಲೂ ಬೆಳಗಿನ ತಣ್ಣನೆಯ ಎಂಜಿನ್ನಿನಲ್ಲಿ ಆ ಸಣ್ಣ ದಾರಿಗಳಲ್ಲಿ ಹರಿಯಲು ಹಾಗೇ ತಡವರಿಸುತ್ತದೆ.

ಶಾಲೆ, ತರಕಾರಿ ಮಾರ್ಕೆಟ್ಟು, ದೇವಸ್ಥಾನ ಅಂತ ಒಂದೆರಡು ಕಿಲೋಮೀಟರ್ ಮಾತ್ರ ಓಡುವ ಕಾರಿಗೆ ಈ ಕಾಟ ಹೆಚ್ಚು. ಎಂಜಿನ್ ಸರಿಯಾಗಿ ಕಾಯುವುದೇ ಇಲ್ಲ, ತೇವ ಒಳಗೇ ಉಳಿದು ಗಸಿ ಕಟ್ಟುತ್ತದೆ. ಕಿಲೋಮೀಟರ್ ಆಗಿಲ್ಲವಲ್ಲ ಎಂದು ಬಿಡಬಾರದು. ಪುಸ್ತಕದಲ್ಲಿ ಬರೆದ ತಿಂಗಳು ತುಂಬಿದರೆ ಆಯಿಲ್ ಬದಲಿಸಲೇಬೇಕು.

ಇನ್ನು ಕೋಡ್ ವಿಚಾರ. ಸ್ಟಿಯರಿಂಗ್ ಕೆಳಗಿನ ಪಿನ್ನಿಗೆ ಸ್ಕ್ಯಾನರ್ ಸಿಕ್ಕಿಸಿದರೆ ಕಾರಿನ ಕಂಪ್ಯೂಟರ್ ತನ್ನ ದೂರನ್ನು ಹೇಳುತ್ತದೆ. ಪಿ 0010 ಬಂದರೆ ಸೊಲೆನಾಯ್ಡಿನ ಕರೆಂಟ್ ದಾರಿಯಲ್ಲಿ ತೊಂದರೆ: ವೈರು, ಕನೆಕ್ಟರು, ಇಲ್ಲವೇ ಸೊಲೆನಾಯ್ಡಿನ ಸುರುಳಿ. ವೈರನ್ನು ಇಲಿ ಕಡಿದಿರುವುದೂ ಉಂಟು. ಪಿ 0011 ಎಂದರೆ ವಾಲ್ವಿನ ಹೊತ್ತು ಹೇಳಿದ್ದಕ್ಕಿಂತ ಮುಂದಾಗಿದೆ, ಪಿ 0012 ಎಂದರೆ ಹಿಂದಾಗಿದೆ. ಈ ಎರಡಕ್ಕೂ ಆಯಿಲ್ ಮತ್ತು ಸೊಲೆನಾಯ್ಡ್ ನೋಡಿ, ಆಮೇಲೆ ಫೇಸರಿನ ಮೇಲೆ ಅನುಮಾನ ಪಡಬೇಕು. ಪಿ 0016 ಬಂದರೆ ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ಕ್ರ್ಯಾಂಕಿಗೂ ಕ್ಯಾಮಿಗೂ ತಾಳ ತಪ್ಪಿದೆ ಎಂದರ್ಥ; ಸೆನ್ಸರ್ ತಪ್ಪೂ ಇರಬಹುದು, ಚೈನ್ ಸಡಿಲಗೊಂಡು ಹಲ್ಲು ಜಾರಿರಲೂಬಹುದು. ಕೋಡ್ ಅಳಿಸಿ “ಸರಿಯಾಯ್ತು, ಹೋಗಿ” ಎಂದರೆ ಅದು ರಿಪೇರಿಯಲ್ಲ.

ನಾದಿನಿಯ ಕಾರಿಗೆ ಬಂದದ್ದು ಪಿ 0011. ತಮ್ಮನೇ ಬಂದು, ಒಂದೇ ಬೋಲ್ಟ್ ತೆಗೆದು ಸೊಲೆನಾಯ್ಡ್ ಹೊರಗೆಳೆದ. ಮೀಟರ್ ಹಿಡಿದು ಅದರ ಓಮ್ಸ್ ನೋಡಿದ. ಟೊಯೋಟಾದ ಅನೇಕ ಕಾರುಗಳಿಗೆ ಅದು 6.9ರಿಂದ 7.9 ಇರಬೇಕಂತೆ; ಕಾರಿನಿಂದ ಕಾರಿಗೆ ಲೆಕ್ಕ ಬೇರೆ. ಆಮೇಲೆ ಬ್ಯಾಟರಿಯ ಕರೆಂಟನ್ನು ಕ್ಷಣ ಮಾತ್ರ ಮುಟ್ಟಿಸಿದ. ಒಳಗಿನ ಕಡ್ಡಿ ಟಕ್ ಎಂದು ಹಾರಬೇಕಿತ್ತು, ಅರ್ಧಕ್ಕೇ ನಿಂತಿತು. ಜಾಲರಿ ತೆಗೆದರೆ ತಳ ಹಿಡಿದ ಪಾಯಸದಂತೆ ಕರಿ ಗಸಿ! ಹೊಸ ಸೊಲೆನಾಯ್ಡು, ಹೊಸ ಜಾಲರಿ, ಸರಿಯಾದ ಆಯಿಲು, ಆಯಿಲ್ ಫಿಲ್ಟರು, ಇಷ್ಟರಲ್ಲೇ ಕೆಲಸ ಮುಗಿಯಿತು. ಚೀಟಿ ಹಣ ಚೀಟಿಯಲ್ಲೇ ಉಳಿಯಿತು.

ಎಲ್ಲರಿಗೂ ಹೀಗೇ ಅಗ್ಗದಲ್ಲಿ ಮುಗಿಯುತ್ತದೆಂದು ನಾನು ಹೇಳಲಾರೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದೊಡನೆ ಎರಡು ಮೂರು ಸೆಕೆಂಡು ಡಬ್ಬದಲ್ಲಿ ಕಲ್ಲು ಅಲ್ಲಾಡಿಸಿದಂತೆ ಸದ್ದು ದಿನವೂ ಬರುತ್ತಿದ್ದರೆ ಫೇಸರೋ ಚೈನೋ ನಿಜವಾಗಿಯೇ ಸವೆದಿರಬಹುದು. ಆಗ ಎಂಜಿನ್ ಬಿಚ್ಚದೆ ವಿಧಿಯಿಲ್ಲ, ತಡ ಮಾಡಲೂಬಾರದು. ಆದರೂ “ಕೋಡ್ ಬರೆದುಕೊಡಿ, ಸೊಲೆನಾಯ್ಡ್ ನೋಡಿದ್ದೀರಾ?” ಎಂದು ಕೇಳುವುದಕ್ಕೆ ಸಂಕೋಚ ಬೇಡ. ಒಳ್ಳೆಯ ಮೆಕ್ಯಾನಿಕ್ ಇದಕ್ಕೆ ಬೇಸರಪಡುವುದಿಲ್ಲ.

ಒಂದು ಮಾತು ಮರೆಯುವ ಮುಂಚೆ ಹೇಳಿಬಿಡುತ್ತೇನೆ. ಹಳದಿ ದೀಪ ಸುಮ್ಮನೆ ಉರಿಯುತ್ತಿದ್ದರೆ ನಿಧಾನವಾಗಿ ಗ್ಯಾರೇಜಿನವರೆಗೆ ಹೋಗಬಹುದು. ಕೆಂಪಗೆ ಎಣ್ಣೆ ಗಿಂಡಿಯಂಥ ದೀಪ ಹತ್ತಿದರೆ ಮಾತ್ರ ಮನೆ ಎರಡೇ ತಿರುವಿನಾಚೆ ಇದ್ದರೂ ಓಡಿಸಬೇಡಿ. ಬದಿಗೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ, ಯಾರನ್ನಾದರೂ ಅಲ್ಲಿಗೇ ಕರೆಸಿಕೊಳ್ಳಿ.