ಸೂರಿನಡಿಯ ಹಾರಾಟ

ಹೆಲಿಕಾಪ್ಟರ್ ಎಂದೊಡನೆ ಕಣ್ಣಿಗೆ ಕಟ್ಟುವುದು ಬಯಲು, ಧೂಳು, ಕಿವಿಗಡಚಿಕ್ಕುವ ಸದ್ದು. ಆದರೆ ಈ ಯಂತ್ರದ ಚರಿತ್ರೆಯ ಕೆಲವು ಮುಖ್ಯ ಹಾರಾಟಗಳು ನಡೆದದ್ದು ಸೂರಿನ ಕೆಳಗೆ. 1938ರ ಫೆಬ್ರುವರಿಯಲ್ಲಿ ಹನ್ನಾ ರೈಟ್ಷ್ ಎಂಬ ಪೈಲಟ್ ಬರ್ಲಿನ್ನಿನ ಡಾಯ್ಚ್‌ಲಾಂಡ್‌ಹಾಲೆ ಎಂಬ ಒಳಾಂಗಣದಲ್ಲಿ, ಪ್ರೇಕ್ಷಕರ ಎದುರು, ಫೋಕೆ-ವುಲ್ಫ್ 61 ಎಂಬ ಜೋಡಿ ರೋಟರಿನ ಹೆಲಿಕಾಪ್ಟರನ್ನು ಹಾರಿಸಿದರು. ನಾಜಿ ಆಡಳಿತ ತನ್ನ ಪ್ರಚಾರಕ್ಕೆ ಏರ್ಪಡಿಸಿದ್ದ ಪ್ರದರ್ಶನ ಅದು. ಆದರೂ ಅಂದು ಕಂಡ ಸಂಗತಿ ಮಾತ್ರ ನಿಜ: ಹೆಲಿಕಾಪ್ಟರಿನ ಹೆಚ್ಚುಗಾರಿಕೆ ಇರುವುದು ವೇಗದಲ್ಲೂ ಅಲ್ಲ, ಎತ್ತರದಲ್ಲೂ ಅಲ್ಲ, ಇಕ್ಕಟ್ಟಾದ ಜಾಗದಲ್ಲಿ ನಿಂತಲ್ಲೇ ನಿಲ್ಲುವುದರಲ್ಲಿ. 1941ರಲ್ಲಿ ಆರ್ಥರ್ ಯಂಗ್ ಎಂಬ ಅಮೆರಿಕನ್ ಸಂಶೋಧಕ ಬಫೆಲೊ ನಗರದ ಬೆಲ್ ವಿಮಾನ ಕಾರ್ಖಾನೆಗೆ ಒಂದು ಪುಟ್ಟ ಮಾದರಿಯನ್ನು ತಂದರು. ವಿದ್ಯುತ್ ಮೋಟರಿನಿಂದ ತಿರುಗುವ, ದೂರದಿಂದ ತಂತಿಯ ಮೂಲಕ ನಿಯಂತ್ರಿಸುವ ಮಾದರಿ. ಕಾರ್ಖಾನೆಯ ಒಳಗೇ ಅದನ್ನು ಹಾರಿಸಿ ತೋರಿಸಿದರು. ಕಂಪನಿ ಅವರನ್ನು ಸೇರಿಸಿಕೊಂಡಿತು. ಆ ಕೆಲಸದಿಂದ ರೂಪುಗೊಂಡ ಬೆಲ್ 47, 1946ರ ಮಾರ್ಚ್‌ನಲ್ಲಿ, ನಾಗರಿಕ ಬಳಕೆಗೆ ಅಮೆರಿಕ ಸರ್ಕಾರದ ಒಪ್ಪಿಗೆ ಪಡೆದ ಮೊದಲ ಹೆಲಿಕಾಪ್ಟರ್ ಆಯಿತು. ಮನೆಯ ಹಜಾರದಲ್ಲಿ ರಿಮೋಟ್ ಹಿಡಿದು ಅಂಗೈಯಗಲದ ಹೆಲಿಕಾಪ್ಟರ್ ಹಾರಿಸುವ ಹವ್ಯಾಸವನ್ನು ಮಕ್ಕಳಾಟವೆಂದು ತಳ್ಳಿಹಾಕುವವರು ಇದನ್ನು ಗಮನಿಸಬೇಕು. ಇದು ಕಲಿಯಬೇಕಾದ, ಕಲಿಸಬಹುದಾದ ಒಂದು ಕೈಕಸುಬು. ಅದನ್ನು ಕಲಿಯಲು ಬಯಲಿಗಿಂತ ಮನೆಯೊಳಗೇ ಲೇಸು.

ಆಟಿಕೆಗೂ ಆ ಚರಿತ್ರೆಗೂ ಇರುವ ನಂಟನ್ನು ಕಣ್ಣಾರೆ ಕಾಣಬಹುದು. ಸೈಮಾ ಕಂಪನಿಯ ಎಸ್107 ಎಂಬ ಹೆಸರುವಾಸಿ ಮಾದರಿಯನ್ನು ಕೈಗೆತ್ತಿಕೊಂಡು ನೋಡಿ. ಗೇಣುದ್ದದ ಒಡಲು, ಒಂದೇ ಅಚ್ಚಿನ ಮೇಲೆ ಒಂದರ ಮೇಲೊಂದು ಎರಡು ಜೊತೆ ರೆಕ್ಕೆಗಳು, ಎಲ್ಲಕ್ಕಿಂತ ಮೇಲೆ ಎರಡು ತುದಿಗೂ ಪುಟ್ಟ ತೂಕ ಕಟ್ಟಿದ ಒಂದು ಅಡ್ಡಕಡ್ಡಿ. ಹವ್ಯಾಸಿಗಳು ಇದನ್ನು ಫ್ಲೈಬಾರ್ ಎನ್ನುತ್ತಾರೆ. ತಿರುಗುವ ತೂಕ ತನ್ನ ತಿರುಗುವಿಕೆಯ ಸಮತಲವನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಒಡಲು ವಾಲಿದರೂ ಕಡ್ಡಿ ಹೆಚ್ಚುಕಡಿಮೆ ಮೊದಲಿನ ಮಟ್ಟದಲ್ಲೇ ಸುತ್ತುತ್ತಿರುತ್ತದೆ, ತನಗೆ ಜೋಡಿಸಿದ ರೆಕ್ಕೆಗಳ ಕೋನವನ್ನು ಬದಲಿಸಿ ಒಡಲನ್ನು ಮತ್ತೆ ಮಟ್ಟದತ್ತ ಎಳೆಯುತ್ತದೆ. ಯಂಗ್ ಅವರು ಪೆನ್ಸಿಲ್ವೇನಿಯಾದ ತಮ್ಮ ತೋಟದ ಕೊಟ್ಟಿಗೆಯಲ್ಲಿ ಮಾದರಿಗಳನ್ನು ಹಾರಿಸಿ, ಬೀಳಿಸಿ, ಕಂಡುಕೊಂಡ ಉಪಾಯವೇ ಇದು. ಬೆಲ್ 47ರ ತಲೆಯ ಮೇಲೂ ಅದೇ ಕಡ್ಡಿ ತಿರುಗುತ್ತಿತ್ತು. ಅಲ್ಲಿಂದ ಆಟಿಕೆಯ ಅಂಗಡಿಗೆ ಬರಲು ಬಹಳ ಕಾಲ ಹಿಡಿಯಿತು. 1970ರ ಸುಮಾರಿಗೆ ಜರ್ಮನಿಯ ಡೀಟರ್ ಶ್ಲೂಟರ್ ರೇಡಿಯೊ ನಿಯಂತ್ರಣದ ಮಾದರಿ ಹೆಲಿಕಾಪ್ಟರನ್ನು ನಂಬಿಕೆಯಿಂದ ಹಾರಿಸಬಹುದೆಂದು ತೋರಿಸಿಕೊಟ್ಟರು. ಆದರೆ ಅವು ಇಂಧನ ಎಂಜಿನ್ನಿನ, ಬಯಲಲ್ಲೇ ಹಾರಬೇಕಾದ ಯಂತ್ರಗಳು. ಹಗುರವಾದ ಲಿಥಿಯಂ ಪಾಲಿಮರ್ ಬ್ಯಾಟರಿ, ಬೆರಳ ತುದಿಯಷ್ಟು ಮೋಟರ್, ತಿರುಗುವಿಕೆಯನ್ನು ಗ್ರಹಿಸುವ ಅಗ್ಗದ ಗೈರೊ ಇವು ಕೂಡಿಬಂದ ಮೇಲೆಯೇ ಹೆಲಿಕಾಪ್ಟರ್ ಮನೆಯೊಳಗೆ ಬಂದದ್ದು. 2006ರಲ್ಲಿ ಹಾಂಗ್‌ಕಾಂಗ್‌ನ ಸಿಲ್ವರ್‌ಲಿಟ್ ಕಂಪನಿ ಮಾರುಕಟ್ಟೆಗೆ ಬಿಟ್ಟ ಪಿಕೂ ಝಡ್ ಕೇವಲ ಹತ್ತು ಗ್ರಾಂ ತೂಗುತ್ತಿತ್ತು.

ಹೆಲಿಕಾಪ್ಟರ್ ಹಾರಿಸುವುದು ಯಾಕೆ ಅಷ್ಟು ಕಷ್ಟ ಎಂಬುದು ಗೊತ್ತಾದರೆ ಇದರಲ್ಲಿ ಕಲಿಯುವುದೇನಿದೆ ಎಂಬುದೂ ಗೊತ್ತಾಗುತ್ತದೆ. ರಿಮೋಟಿನ ಸ್ಟಿಕ್ ಮುಂದೆ ತಳ್ಳಿದರೆ ಹೆಲಿಕಾಪ್ಟರ್ ಮುಂದೆ ಹೋಗುತ್ತದೆ ಎಂದು ಹೊಸಬರು ತಿಳಿದಿರುತ್ತಾರೆ. ನಿಜವಾಗಿ ಆಗುವುದು ಬೇರೆ. ಸ್ಟಿಕ್ ತಳ್ಳಿದರೆ ಅದು ಮುಂದಕ್ಕೆ ವಾಲುತ್ತದೆ. ವಾಲಿದಷ್ಟು ಹೊತ್ತೂ ವೇಗ ಏರುತ್ತಾ ಹೋಗುತ್ತದೆ. ಏರಿದ ವೇಗದಿಂದ ಜಾಗ ಬದಲಾಗುತ್ತದೆ. ಬೆರಳಿನ ಚಲನೆಗೂ ಜಾಗದ ಬದಲಾವಣೆಗೂ ನಡುವೆ ಹೀಗೆ ಎರಡು ಮೂರು ಮೆಟ್ಟಿಲುಗಳಿವೆ, ಪ್ರತಿ ಮೆಟ್ಟಿಲಲ್ಲೂ ಒಂದಿಷ್ಟು ತಡವಿದೆ. ಸ್ಟಿಕ್ ನಡುವಿಗೆ ತಂದು ವಾಲು ಸರಿಹೋದರೂ ಗಳಿಸಿದ ವೇಗ ಉಳಿದೇ ಇರುತ್ತದೆ, ಅದನ್ನು ಕಳೆಯಲು ಎದುರು ದಿಕ್ಕಿಗೆ ಒಮ್ಮೆ ಒತ್ತಬೇಕು. ಅದೂ ಹೆಲಿಕಾಪ್ಟರ್ ಗೊತ್ತಾದ ಜಾಗಕ್ಕೆ ಮುಟ್ಟುವ ಮುಂಚೆ. ಮುಟ್ಟಿದ ಮೇಲೆ ಒತ್ತಿದರೆ ಆ ಜಾಗ ದಾಟಿ ಹೋಗಿರುತ್ತದೆ. ಗಾಬರಿಯಲ್ಲಿ ಇನ್ನೂ ಜೋರಾಗಿ ಒತ್ತಿದರೆ ಹಿಂದಕ್ಕೆ ಇನ್ನೂ ಜೋರಾಗಿ ಬರುತ್ತದೆ. ಹೀಗೆ ಆಚೀಚೆ ತೂಗಾಟ ಬೆಳೆದು ಕೊನೆಗೆ ಗೋಡೆಗೆ ಬಡಿಯುತ್ತದೆ. ಅಂಗೈ ಮೇಲೆ ಉದ್ದ ಕೋಲನ್ನು ನೆಟ್ಟಗೆ ನಿಲ್ಲಿಸುವ ಹುಡುಗ ಕೋಲು ಬಿದ್ದಮೇಲೆ ಕೈ ಆಡಿಸುವುದಿಲ್ಲ, ಬೀಳಲು ಹೊರಟಾಗಲೇ ಆಡಿಸುತ್ತಾನೆ. ಇಲ್ಲಿ ಬೆರಳು ಕಲಿಯಬೇಕಾದದ್ದೂ ಅದೇ. ಇದರ ಮೇಲೆ ಇನ್ನೊಂದು ತೊಡಕು: ರೋಟರ್ ಒಂದು ಕಡೆ ತಿರುಗಿದರೆ ಒಡಲು ಎದುರು ಕಡೆಗೆ ತಿರುಗಲು ನೋಡುತ್ತದೆ, ಅದನ್ನು ತಡೆಯುವುದಕ್ಕೇ ಬಾಲದ ರೋಟರ್ ಇರುವುದು. ರೋಟರಿನ ಬಲವನ್ನು ಹೆಚ್ಚುಕಡಿಮೆ ಮಾಡುವ ಥ್ರಾಟಲ್ ಏರಿಸಿದರೆ ಈ ತಿರುಚು ಬಲವೂ ಏರುತ್ತದೆ, ಮೂತಿ ಸರಿಯುತ್ತದೆ. ಹೆಲಿಕಾಪ್ಟರಿನಲ್ಲಿ ಯಾವ ಸ್ಟಿಕ್ಕೂ ಒಂದೇ ಕೆಲಸ ಮಾಡುವುದಿಲ್ಲ. ಯಂತ್ರ ರೂಪಿಸಿದವರಿಗೂ ಇದು ಸುಲಭವಾಗಿರಲಿಲ್ಲ: ವಿಮಾನ ವಿನ್ಯಾಸಕ ಇಗೋರ್ ಸಿಕೋರ್ಸ್ಕಿ 1939ರ ಸೆಪ್ಟೆಂಬರ್‌ನಲ್ಲಿ ತಮ್ಮ ವಿಎಸ್-300 ಯಂತ್ರವನ್ನು ಮೊದಲ ಬಾರಿ ಮೇಲೆತ್ತಿದಾಗ ಅದನ್ನು ನೆಲಕ್ಕೆ ಕಟ್ಟಿಯೇ ಇಟ್ಟಿದ್ದರು. ಕಟ್ಟು ಬಿಚ್ಚಿ ಹಾರಿದ್ದು ಮರುವರ್ಷದ ಮೇ ತಿಂಗಳಲ್ಲಿ.

ಆದ್ದರಿಂದ ಕಲಿಕೆಗೆ ಒಂದು ಕ್ರಮ ಬೇಕು, ಅದನ್ನು ಮುರಿಯಬಾರದು. ಮೊದಲು ಎಸ್107ರಂಥ ಜೋಡಿ ರೋಟರಿನದು. ಮೇಲಿನ ರೆಕ್ಕೆ ಒಂದು ಕಡೆ, ಕೆಳಗಿನದು ಎದುರು ಕಡೆ ತಿರುಗಿ ತಿರುಚು ಬಲಗಳು ಪರಸ್ಪರ ಕಳೆದುಹೋಗುತ್ತವೆ. ಎರಡರ ವೇಗದಲ್ಲಿ ಕೊಂಚ ಅಂತರ ಮಾಡಿದರೆ ಮೂತಿ ತಿರುಗುತ್ತದೆ. ಬಾಲದಲ್ಲಿ ಮಲಗಿಸಿದಂತಿರುವ ಪುಟ್ಟ ರೆಕ್ಕೆ ಬಾಲವನ್ನು ಎತ್ತಿ ಇಳಿಸುವುದರಿಂದ ಹಿಂದೆ ಮುಂದೆ ಸಾಗುತ್ತದೆ. ಅಡ್ಡಡ್ಡ ಸರಿಯಲು ಇದಕ್ಕೆ ಬಾರದು, ಬಾರದಿರುವುದೇ ಕಲಿಯುವವರಿಗೆ ಅನುಕೂಲ. ಇದರಲ್ಲಿ ಥ್ರಾಟಲ್ ಹದ, ಮೂತಿಯ ಹಿಡಿತ, ಇಳಿಸುವ ತಾಳ್ಮೆ ಬಂದ ಮೇಲೆ, ಒಂದೇ ರೋಟರಿನ, ಏರಿಳಿಯಲು ರೆಕ್ಕೆಯ ಕೋನ ಬದಲಿಸದ, ನಾಲ್ಕು ಚಾನೆಲ್ಲಿನದು (ಎಂದರೆ ನಾಲ್ಕು ಚಲನೆಗಳನ್ನು ಬೇರೆಬೇರೆಯಾಗಿ ನಿಯಂತ್ರಿಸುವಂಥದು). ಬ್ಲೇಡ್ ಎಂಎಸ್‌ಆರ್, ಡಬ್ಲ್ಯುಎಲ್ ಟಾಯ್ಸ್ ವಿ911 ಈ ಬಗೆಯವು. ನಿಜವಾದ ಹೆಲಿಕಾಪ್ಟರಿನ ಸ್ವಭಾವ ಕೈಗೆ ತಾಗುವುದು ಇಲ್ಲಿಂದ. ರೆಕ್ಕೆಯ ಕೋನವನ್ನೇ ಬದಲಿಸಿ ಏರಿಳಿಯುವ, ತಲೆಕೆಳಗಾಗಿಯೂ ಹಾರಬಲ್ಲ ಮಾದರಿಗಳು ಮೂರನೆಯ ಹಂತ. ಮೊದಲ ಎರಡನ್ನು ದಾಟದೆ ಅದಕ್ಕೆ ಕೈಹಾಕಿದವರ ದುಡ್ಡು ಬಿಡಿಭಾಗಗಳಿಗೇ ಮುಗಿಯುತ್ತದೆ.

ಪ್ರತಿ ಹಂತದಲ್ಲೂ ಅಭ್ಯಾಸ ಮಾಡಬೇಕಾದ ಮುಖ್ಯ ವಿದ್ಯೆ ಒಂದೇ, ನಿಂತಲ್ಲೇ ತೇಲಿಸುವುದು. ಮೊದಲು ಬಾಲ ನಮ್ಮ ಕಡೆಗಿರಬೇಕು, ಆಗ ಅದರ ಎಡ ನಮ್ಮ ಎಡವೇ. ಆಮೇಲೆ ಪಕ್ಕಕ್ಕೆ ತಿರುಗಿಸಿ. ಕೊನೆಗೆ ಮೂತಿ ನಮ್ಮ ಕಡೆಗೆ. ಇಲ್ಲಿ ಎಡ ಬಲಗಳು ಅದಲುಬದಲಾಗಿ ಎಷ್ಟೋ ಜನರ ಕಲಿಕೆ ನಿಂತೇ ಹೋಗುತ್ತದೆ. ಅಡ್ಡಡ್ಡ ಸರಿಯಬಲ್ಲ ಮಾದರಿಗಳಲ್ಲಿ ಅನುಭವಿಗಳು ಹೇಳುವ ಉಪಾಯ ಸರಳ: ಎದುರಿಗಿರುವ ಹೆಲಿಕಾಪ್ಟರ್ ಯಾವ ಪಕ್ಕಕ್ಕೆ ವಾಲುತ್ತಿದೆಯೋ ಆ ಪಕ್ಕಕ್ಕೇ ಸ್ಟಿಕ್ ಒತ್ತಿ, ಬೀಳುವ ಬದಿಗೆ ಆಸರೆ ಕೊಟ್ಟಂತೆ. ಲೆಕ್ಕ ಹಾಕುವ ಗೋಜಿಲ್ಲ. ಇನ್ನು, ಭಯದಿಂದ ನೆಲಕ್ಕೆ ಅಂಟಿಕೊಂಡೇ ಹಾರಿಸುವುದು ಹೊಸಬರ ದೊಡ್ಡ ತಪ್ಪು. ರೆಕ್ಕೆಯಿಂದ ಕೆಳಗೆ ಬಿದ್ದ ಗಾಳಿ ನೆಲಕ್ಕೆ ತಗುಲಿ ಕದಡುವ ಜಾಗ ಅದು. ಸೊಂಟದ ಎತ್ತರಕ್ಕೆ ಏರಿಸಿದರೆ ಅದೇ ಯಂತ್ರ ಎಷ್ಟೋ ಶಾಂತವಾಗುತ್ತದೆ.

ಮನೆಯೊಳಗೇ ಕಲಿಯಬೇಕು ಎನ್ನುವುದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು ಗಾಳಿ. ಮೂವತ್ತು ನಲವತ್ತು ಗ್ರಾಂ ತೂಕದ ಯಂತ್ರವನ್ನು ಅಂಗಳದ ತಂಗಾಳಿಯೂ ಹೊತ್ತೊಯ್ಯುತ್ತದೆ. ಅದು ಸರಿದದ್ದು ತನ್ನ ಬೆರಳಿನಿಂದಲೋ ಗಾಳಿಯಿಂದಲೋ ತಿಳಿಯದಿದ್ದರೆ ಕಲಿಯುವವರು ಏನನ್ನು ತಿದ್ದಿಕೊಳ್ಳಬೇಕು? ಕಿಟಕಿ ಮುಚ್ಚಿ, ಫ್ಯಾನ್ ನಿಲ್ಲಿಸಿದ ಕೋಣೆಯಲ್ಲಿ ಹೆಲಿಕಾಪ್ಟರಿನ ಪ್ರತಿ ಚಲನೆಯೂ ಬಹುಮಟ್ಟಿಗೆ ಕೈಯ ಚಲನೆಯದೇ ಉತ್ತರ. ಬಹುಮಟ್ಟಿಗೆ ಎಂದದ್ದೇಕೆಂದರೆ ಗೋಡೆಯ ಹತ್ತಿರ ರೋಟರಿನ ಗಾಳಿ ತಿರುಗಿ ಬಂದು ಯಂತ್ರವನ್ನು ಗೋಡೆಯತ್ತ ಎಳೆಯುವುದುಂಟು, ಚಾವಣಿಗೆ ತೀರ ಹತ್ತಿರ ಹೋದರೆ ಮೇಲಕ್ಕೆ ಹೀರಿಕೊಂಡಂತೆ ಅಂಟಿಕೊಳ್ಳುವುದೂ ಉಂಟು. ಹಜಾರದ ನಡುವೆ ನಾಲ್ಕೂ ಕಡೆ ಸಾಕಷ್ಟು ಜಾಗ ಬಿಟ್ಟು ಹಾರಿಸಿದರೆ ಈ ಕಾಟ ಕಡಿಮೆ. ಎರಡನೆಯ ಕಾರಣ ಅಳತೆಯ ನಿಯಮ. ಒಂದು ಯಂತ್ರದ ಎಲ್ಲ ಅಳತೆಗಳನ್ನೂ ಅರ್ಧ ಮಾಡಿದರೆ ತೂಕ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಪುಟ್ಟದು ಬಿದ್ದರೆ ಪೆಟ್ಟು ಸಣ್ಣದು, ಒಡಲು ಮಾತ್ರ ಆ ತೂಕಕ್ಕೆ ಹೋಲಿಸಿದರೆ ಗಟ್ಟಿ. ನೂರು ಸಲ ಬಿದ್ದು ನೂರಾ ಒಂದನೇ ಸಲ ಏಳುವ ಸ್ವಾತಂತ್ರ್ಯ ಇರುವುದು ಇದರಲ್ಲಿ ಮಾತ್ರ. ಹವ್ಯಾಸಿಗಳು 600 ಗಾತ್ರವೆನ್ನುವ ಬಯಲಿನ ಮಾದರಿಯ ರೋಟರ್ ಒಂದೂಕಾಲು ಮೀಟರಿಗೂ ಅಗಲ. ಅದು ನಿಮಿಷಕ್ಕೆ 2000 ಸುತ್ತು ತಿರುಗಿದರೆ ರೆಕ್ಕೆಯ ತುದಿ ಗಂಟೆಗೆ ಸುಮಾರು 500 ಕಿ.ಮೀ. ವೇಗದಲ್ಲಿರುತ್ತದೆ. ಅಂಥ ರೆಕ್ಕೆ ತಗುಲಿ ಪ್ರಾಣ ಹೋದ ಪ್ರಸಂಗಗಳು ವಿದೇಶಗಳಲ್ಲಿ ಆಗಿವೆ. ಅದು ಕಲಿಯುವವರು ಮುಟ್ಟುವ ಯಂತ್ರವಲ್ಲ.

ಡ್ರೋನ್ ಇರುವಾಗ ಈ ಪಡಿಪಾಟಲು ಯಾಕೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ನಾಲ್ಕು ರೋಟರಿನ ಸಾಮಾನ್ಯ ಡ್ರೋನ್ ಅಗ್ಗ, ಗಟ್ಟಿ, ಸ್ಟಿಕ್ ಬಿಟ್ಟರೆ ತಾನಾಗಿ ಮಟ್ಟಕ್ಕೆ ಬರುತ್ತದೆ. ಚಿತ್ರ ತೆಗೆಯುವುದೇ ಗುರಿಯಾದರೆ ಡ್ರೋನೇ ಸರಿ. ಆದರೆ ಹಾರಿಸಲು ಕಲಿಯುವುದು ಗುರಿಯಾದರೆ ಆ ಸೌಕರ್ಯವೇ ಅಡ್ಡಿ: ತಪ್ಪನ್ನು ಯಂತ್ರ ನಮಗಿಂತ ಮುಂಚೆ ತಿದ್ದಿಬಿಟ್ಟರೆ ನಮ್ಮ ಬೆರಳಿಗೆ ತಪ್ಪಿನ ಅರಿವೇ ಆಗುವುದಿಲ್ಲ. ತಾನೇ ಮಟ್ಟಕ್ಕೆ ಬರುವ ಸೌಲಭ್ಯವನ್ನು ನಿಲ್ಲಿಸಿ ಹಾರಿಸುವ ರೇಸಿಂಗ್ ಡ್ರೋನುಗಳಿಗೆ ಈ ಮಾತು ಅನ್ವಯಿಸುವುದಿಲ್ಲ ಎಂಬುದನ್ನು ಒಪ್ಪಲೇಬೇಕು. ಅವನ್ನು ಹಾರಿಸುವವರ ಕೈ ಪಳಗಿದ ಕೈ. ಪುಟ್ಟ ಹೆಲಿಕಾಪ್ಟರಿನ ಫ್ಲೈಬಾರೂ ಗೈರೊವೂ ಸಹಾಯ ಮಾಡುವುದಿಲ್ಲವೇ ಎಂದರೆ ಮಾಡುತ್ತವೆ. ಆದರೆ ಅವು ವಾಲುವುದನ್ನು ನಿಧಾನಗೊಳಿಸುತ್ತವೆ, ಇದ್ದ ಜಾಗದಲ್ಲೇ ಹಿಡಿದು ನಿಲ್ಲಿಸುವುದಿಲ್ಲ. ನಿಲ್ಲಿಸುವ ಕೆಲಸ ಕೈಯದೇ. ಕಲಿಕೆಯ ಹಂತ ಏರಿದಂತೆ ಈ ಸಹಾಯವೂ ಕಡಿಮೆಯಾಗುತ್ತಾ ಹೋಗುತ್ತದೆ.

ಕಂಪ್ಯೂಟರ್ ಸಿಮ್ಯುಲೇಟರ್ ಸಾಕು, ಏನೂ ಮುರಿಯುವುದಿಲ್ಲ ಎಂಬ ಇನ್ನೊಂದು ಮಾತಿದೆ. ಮೂತಿ ಎದುರಾದಾಗಿನ ಗೊಂದಲ ಬಿಡಿಸಲು ಅದು ನಿಜಕ್ಕೂ ಒಳ್ಳೆಯದು, ಬಳಸಬೇಕು. ಆದರೆ ಮುರಿದದ್ದನ್ನು ಸರಿಮಾಡುವುದೂ ಈ ಕಸುಬಿನ ಅರ್ಧ ಭಾಗ. ಹಾರುವಾಗ ನಡುಕ ಕಂಡರೆ ಬಾಲದ ಮೋಟರಿನ ಅಚ್ಚನ್ನೂ ನೋಡಬೇಕು. ನೆಲದ ಮೇಲಿನ ಉದ್ದ ಕೂದಲು, ಜಮಖಾನದ ಎಳೆ ಅಲ್ಲಿ ಸುತ್ತಿಕೊಂಡಿದ್ದರೆ ಚಿಮಟದಲ್ಲಿ ಎಳೆದು ತೆಗೆಯಬೇಕು. ಅಲ್ಲಿಲ್ಲವೆಂದರೆ ಫ್ಲೈಬಾರಿನಿಂದ ರೆಕ್ಕೆಯ ಹಿಡಿಗೆ ಬರುವ ಬೆಂಕಿಕಡ್ಡಿ ಗಾತ್ರದ ಕೊಂಡಿ ಗುಂಡಿಯಿಂದ ಕಳಚಿರಬಹುದು. ಉಗುರಿನಿಂದ ಒತ್ತಿದರೆ ಟಕ್ಕೆಂದು ಕೂರುತ್ತದೆ. ರೆಕ್ಕೆಯ ಅಂಚು ಸೀಳಿದ್ದರೆ ಜೊತೆಯನ್ನೇ ಬದಲಿಸಬೇಕು, ಒಂದನ್ನು ಮಾತ್ರ ಬದಲಿಸಿದರೆ ತೂಕ ತಪ್ಪುತ್ತದೆ. ಇದನ್ನೆಲ್ಲ ಮಾಡಿದವರಿಗೆ ರೋಟರಿನ ತಲೆ ಹೇಗೆ ಕೆಲಸ ಮಾಡುತ್ತದೆಂದು ಪುಸ್ತಕ ಬಿಚ್ಚಿ ಹೇಳಬೇಕಿಲ್ಲ.

ಬ್ಯಾಟರಿಯ ಬಗ್ಗೆ ಭಯವಿದೆ, ಇರಬೇಕು ಕೂಡ. ಲಿಥಿಯಂ ಪಾಲಿಮರ್ ಕೋಶ ಪೂರ್ತಿ ತುಂಬಿದಾಗ 4.2 ವೋಲ್ಟ್. 3 ವೋಲ್ಟ್‌ಗಿಂತ ಕೆಳಗಿಳಿದರೆ ಹಾಳು, ಮಿತಿಮೀರಿ ತುಂಬಿದರೆ ಅಥವಾ ಚುಚ್ಚಿ ಜಜ್ಜಿದರೆ ಬೆಂಕಿ. ದಿಂಬಿನ ಪಕ್ಕ, ರಾತ್ರಿಯಿಡೀ ಚಾರ್ಜಿಗೆ ಹಾಕಬಾರದು, ಉಬ್ಬಿದ್ದನ್ನು ಮತ್ತೆ ಬಳಸಬಾರದು. ಹಾರಿಸುವಾಗಲೂ ಎಚ್ಚರ ಬೇಕು: ಹಾರಾಟ ತಪ್ಪಿತೆಂದು ಕಂಡ ಕ್ಷಣ ಥ್ರಾಟಲ್ ಪೂರ್ತಿ ಇಳಿಸುವುದು ಬೆರಳಿಗೆ ಅಭ್ಯಾಸವಾಗಬೇಕು. ಎತ್ತಿ ಉಳಿಸಿಕೊಳ್ಳಲು ಹೋದರೆ ರೆಕ್ಕೆ ಸಿಕ್ಕಿಹಾಕಿಕೊಂಡು ಮೋಟರು ಸುಡಬಹುದು. ಒಂದು ಚಾರ್ಜಿಗೆ ಹಾರಾಟ ಆರೆಂಟು ನಿಮಿಷ, ಮತ್ತೆ ತುಂಬಲು ಅರ್ಧ ಗಂಟೆಗೂ ಮಿಗಿಲು. ಇದನ್ನು ಕೊರತೆ ಎನ್ನುವವರಿದ್ದಾರೆ. ಬಿಡುವು ಕೊಟ್ಟು ಮಾಡಿದ ಅಭ್ಯಾಸ ಒಂದೇ ಸಮನೆ ಮಾಡಿದ್ದಕ್ಕಿಂತ ಚೆನ್ನಾಗಿ ಉಳಿಯುತ್ತದೆ ಎಂಬುದು ವಾದ್ಯ ಕಲಿಸುವ ಗುರುಗಳಿಗೆಲ್ಲ ಗೊತ್ತು. ಕಾನೂನಿನ ತೊಡಕೂ ಇಲ್ಲಿ ಕಡಿಮೆ: ಭಾರತದ 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನ ನ್ಯಾನೊ ವರ್ಗದ ಯಂತ್ರ ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಕಿಲ್ಲ. ಈ ಪುಟ್ಟವು ಅದರ ಕಾಲುಭಾಗವೂ ತೂಗುವುದಿಲ್ಲ.

ಕರ್ನಾಟಕ ಹೆಲಿಕಾಪ್ಟರ್ ಮಾಡುವ ನಾಡು. ಎಚ್‌ಎಎಲ್ ಕಂಪನಿಯ ಧ್ರುವ್ ಹೆಲಿಕಾಪ್ಟರ್ 1992ರಲ್ಲಿ ಮೊದಲು ಹಾರಿದ್ದು ಬೆಂಗಳೂರಿನಲ್ಲಿ. 2023ರಲ್ಲಿ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಅಲ್ಲಿ ಮುಂದೆ ಕೆಲಸ ಮಾಡಬಹುದಾದ ಮಕ್ಕಳು ಶಾಲೆಯಲ್ಲೇ ಒಂದು ರೋಟರನ್ನು ಕೈಯಾರೆ ಬಿಚ್ಚಿ ಜೋಡಿಸಿ ಹಾರಿಸಿರಬೇಕೆಂದು ಆಸೆಪಡುವುದು ಅತಿಯಾಸೆಯಲ್ಲ. ಜೋಡಿ ರೋಟರಿನದಕ್ಕೆ ಹತ್ತು ಹನ್ನೆರಡು ಅಡಿಯ ಕೋಣೆ ಸಾಕು. ಒಂದೇ ರೋಟರಿನದಕ್ಕೆ ದೊಡ್ಡ ಜಾಗ ಬೇಕು, ಶಾಲೆಯ ಸಭಾಂಗಣವೋ ಕಲ್ಯಾಣ ಮಂಟಪವೋ ಆದರೆ ಚೆನ್ನ. ಆಷಾಢದಲ್ಲಿ ಹೊರಗೆ ಬಿರುಗಾಳಿ, ಹಾರಿಸುವ ಮಾತೇ ಇಲ್ಲ. ಮದುವೆಗಳಿಲ್ಲದೆ ಮಂಟಪಗಳು ಖಾಲಿ ಬಿದ್ದಿರುವುದೂ ಅದೇ ತಿಂಗಳು. ಊರಿನ ವಿಜ್ಞಾನ ಸಂಘವೊಂದು ವಾರಕ್ಕೆರಡು ಸಂಜೆ ಅಂಥ ಮಂಟಪವನ್ನು ಕೇಳಿ ಪಡೆದು, ಫ್ಯಾನುಗಳನ್ನು ನಿಲ್ಲಿಸಿ, ನೆಲಕ್ಕೆ ಸೀಮೆಸುಣ್ಣದಲ್ಲಿ ಒಂದು ಮೀಟರ್ ಅಗಲದ ಚೌಕ ಬರೆದು, ಆ ಚೌಕದ ಮೇಲೆ ಅರ್ಧ ನಿಮಿಷ ತೇಲಿಸುವ ಪಂದ್ಯದಿಂದ ಶುರುಮಾಡಬಹುದು.