ಅಳುವುದನ್ನು ಕಲಿಸಿದವರು ಯಾರು?

ಸಂಜೆ ಏಳರ ಹೊತ್ತು. ನಮ್ಮ ಬೀದಿಯ ಕಿರಾಣಿ ಅಂಗಡಿಯಲ್ಲಿ ಮೂರು ವರ್ಷದ ಹುಡುಗನೊಬ್ಬ ಭರಣಿಯ ಮೇಲೆ ಬೆರಳಿಟ್ಟು ಚಾಕೊಲೇಟ್ ಕೇಳಿದ. ‘ಬೇಡ ಪುಟ್ಟ, ಊಟದ ಹೊತ್ತು’ ಎಂದರು ತಾಯಿ. ಹುಡುಗ ರಾಗ ತೆಗೆದ. ‘ಬೇಡ ಅಂದೆನಲ್ಲ!’ ಅವನು ನೆಲಕ್ಕೆ ಕೂತು ಕಾಲು ಬಡಿದ. ಸಾಮಾನಿಗೆ ನಿಂತವರೆಲ್ಲ ತಿರುಗಿ ನೋಡಿದರು. ಆಕೆ ಎಣ್ಣೆ ಪ್ಯಾಕೆಟ್ಟನ್ನು ಚೀಲಕ್ಕೆ ತುರುಕುತ್ತಾ, ‘ಒಂದು ಕೊಟ್ಟುಬಿಡಿ ಅಣ್ಣ, ಸಾಕಾಯ್ತು’ ಎಂದರು. ನಲ್ಲಿ ತಿರುವಿದ ಹಾಗೆ ಅಳು ನಿಂತಿತು.

ಆ ಒಂದು ನಿಮಿಷದಲ್ಲಿ ಇಬ್ಬರಿಗೆ ಪಾಠವಾಯಿತು. ಅತ್ತರೆ ಚಾಕೊಲೇಟ್ ಬರುತ್ತದೆ ಎಂದು ಹುಡುಗ ಕಲಿತ. ಕೊಟ್ಟರೆ ಅಳು ನಿಲ್ಲುತ್ತದೆ ಎಂದು ತಾಯಿ ಕಲಿತರು. ಬಿ.ಎಡ್. ಪುಸ್ತಕಗಳ ಭಾಷೆಯಲ್ಲಿ ಹುಡುಗನಿಗಾದದ್ದು ಧನಾತ್ಮಕ ಪುನರ್ಬಲನ, ತಾಯಿಗಾದದ್ದು ಋಣಾತ್ಮಕ ಪುನರ್ಬಲನ. ಋಣಾತ್ಮಕ ಎಂದರೆ ಶಿಕ್ಷೆ ಎಂದು ಓದಿದವರೂ ತಪ್ಪು ತಿಳಿಯುತ್ತಾರೆ. ಹಿಂಸೆಯೊಂದು ತೊಲಗಿದ್ದರಿಂದ ನಡೆಯೊಂದು ಗಟ್ಟಿಯಾದರೆ ಅದು ಋಣಾತ್ಮಕ ಪುನರ್ಬಲನ. ನಡೆಯನ್ನು ಕುಗ್ಗಿಸುವುದು ಮಾತ್ರ ಶಿಕ್ಷೆ.

ಈ ಲೆಕ್ಕಾಚಾರಕ್ಕೆ ಬುನಾದಿ ಹಾಕಿದವರು ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವರ್ಡ್ ಥಾರ್ನ್‌ಡೈಕ್. ಪೆಟ್ಟಿಗೆಯಲ್ಲಿ ಕೂಡಿಹಾಕಿದ ಬೆಕ್ಕು ಅಗುಳಿ ತೆರೆದು ಹೊರಬರುವುದನ್ನು ಹೇಗೆ ಕಲಿಯುತ್ತದೆ ಎಂದು ಅವರು 1898ರಲ್ಲಿ ಬರೆದರು. ಮುಂದೆ ಅದೇ ದೇಶದ ಬಿ. ಎಫ್. ಸ್ಕಿನ್ನರ್ ಇಲಿಯ ಮುಂದೆ ಒಂದು ಸನ್ನೆಕೋಲು ಇಟ್ಟರು. ಒತ್ತಿದರೆ ಆಹಾರದ ಗುಳಿಗೆ ಬೀಳುತ್ತಿತ್ತು.

1938ರಲ್ಲಿ ಪ್ರಕಟವಾದ ಸ್ಕಿನ್ನರ್ ಪುಸ್ತಕದಲ್ಲಿ ಒಂದು ಸಣ್ಣ ಪ್ರಯೋಗವಿದೆ. ಪ್ರತಿ ತಂದೆ ತಾಯಿ, ಪ್ರತಿ ಮೇಷ್ಟ್ರು ಅದನ್ನು ತಿಳಿದಿರಬೇಕು ಎಂದು ನನಗೆ ಅನ್ನಿಸುತ್ತದೆ. ಸನ್ನೆ ಒತ್ತಲು ಕಲಿತ ಇಲಿಗಳಿಗೆ ಆಹಾರ ನಿಲ್ಲಿಸಿದರು. ಅವುಗಳಲ್ಲಿ ಅರ್ಧದಷ್ಟಕ್ಕೆ, ಮೊದಲ ಹತ್ತು ನಿಮಿಷ, ಒತ್ತಿದಾಗಲೆಲ್ಲ ಪಾದಕ್ಕೆ ಪೆಟ್ಟು ಬೀಳುವಂತೆ ಮಾಡಿದರು. ಪೆಟ್ಟು ತಿಂದವು ಒತ್ತುವುದನ್ನು ಬಹುಪಾಲು ಬಿಟ್ಟವು. ಗೆದ್ದೆವು ಎನ್ನಿಸುವಂಥ ಗಳಿಗೆ. ಆದರೆ ಪೆಟ್ಟು ನಿಂತ ಮೇಲೆ ಅವು ಮತ್ತೆ ಸನ್ನೆಗೆ ಮರಳಿದವು. ಎರಡನೆಯ ದಿನ ಮುಗಿಯುವಷ್ಟರಲ್ಲಿ, ಪೆಟ್ಟೇ ತಿನ್ನದ ಇಲಿಗಳು ಎಷ್ಟು ಸಲ ಒತ್ತಿದ್ದವೋ ಇವೂ ಹೆಚ್ಚುಕಡಿಮೆ ಅಷ್ಟೇ ಸಲ ಒತ್ತಿದ್ದವು. ಪೆಟ್ಟಿನಿಂದ ಚಟ ಕಡಿಮೆಯಾಗಿರಲಿಲ್ಲ, ಅದು ಅಡಗಿ ಕೂತಿತ್ತು.

ಶಿಕ್ಷೆಗೆ ಬಲವೇ ಇಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ಪೆಟ್ಟು ಜೋರಾಗಿ, ತಕ್ಷಣ, ಒಮ್ಮೆಯೂ ತಪ್ಪದೆ ಬಿದ್ದರೆ ನಡೆ ನಿಲ್ಲುತ್ತದೆ ಎಂದು ನೇಥನ್ ಆಜ್ರಿನ್ ಮೊದಲಾದವರ ನಂತರದ ಪ್ರಯೋಗಗಳು ತೋರಿಸಿದವು. ಆದರೆ ಯಾವ ಮನೆಯಲ್ಲಿ, ಯಾವ ತರಗತಿಯಲ್ಲಿ ಹಾಗೆ ಹೊಡೆಯಲಾದೀತು? ಹೊಡೆಯಲೂಬಾರದು. ಮಕ್ಕಳ ಶಿಕ್ಷಣ ಹಕ್ಕು ಕಾಯ್ದೆ, 2009ರ 17ನೇ ಸೆಕ್ಷನ್ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ.

ಶಾಲೆಯಲ್ಲಿದ್ದಾಗ ನನಗೆ ಹದಿಮೂರರ ಮಗ್ಗಿ ಬರುತ್ತಿರಲಿಲ್ಲ. ತಪ್ಪಿದ್ದಕ್ಕೆ ಅಂಗೈ ಮೇಲೆ ಬೆತ್ತ ಬೀಳುತ್ತಿತ್ತು. ಬಿದ್ದು ಬಿದ್ದು ನಾನು ಕಲಿತದ್ದು ಮಗ್ಗಿಯನ್ನಲ್ಲ. ಎತ್ತರದ ಹುಡುಗನ ಬೆನ್ನ ಹಿಂದೆ ಕೂರುವುದನ್ನು ಕಲಿತೆ, ಮಗ್ಗಿ ಕೇಳುವ ದಿನ ಹೊಟ್ಟೆನೋವು ಎನ್ನುವುದನ್ನು ಕಲಿತೆ. ಹೊಡೆತ ತಪ್ಪಿಸಿಕೊಟ್ಟ ಉಪಾಯವೇ ಗಟ್ಟಿಯಾಯಿತು. ಇನ್ನೊಂದು ಸಂಗತಿ ಬಹಳ ವರ್ಷ ನನಗೆ ಹೊಳೆದಿರಲಿಲ್ಲ. ಬೆತ್ತ ಎತ್ತಿದ ಕೂಡಲೇ ನಲವತ್ತು ಮಕ್ಕಳ ಗದ್ದಲ ತಣ್ಣಗಾಗುತ್ತಿತ್ತು. ಆ ಮೌನ ಮೇಷ್ಟ್ರಿಗೆ ಸಿಗುತ್ತಿದ್ದ ಗುಳಿಗೆ. ಶಿಕ್ಷೆ ಮಕ್ಕಳನ್ನು ಅಷ್ಟಾಗಿ ತಿದ್ದದಿದ್ದರೂ ಶಿಕ್ಷಿಸುವ ಕೈಯನ್ನು ಚೆನ್ನಾಗಿ ಪಳಗಿಸುತ್ತದೆ. ಮನೆಯಲ್ಲಿ ಗದರುವವರ ಕಥೆಯೂ ಇದೇ.

ಹೀಗೆ ಮಾಡಬೇಡ ಎನ್ನುತ್ತದೆ ಪೆಟ್ಟು. ಹೇಗೆ ಮಾಡಬೇಕು ಎಂದು ಹೇಳಿಕೊಡುವುದಿಲ್ಲ. ಅದನ್ನು ಕಲಿಸುವುದು ಬಹುಮಾನ. ಟಾಂಜಾನಿಯಾದ ಮೊರೊಗೊರೊದಲ್ಲಿ ಅಪೋಪೋ ಸಂಸ್ಥೆ ಹೆಗ್ಗಣದಂಥ ದೊಡ್ಡ ಆಫ್ರಿಕನ್ ಇಲಿಗಳಿಗೆ ನೆಲಬಾಂಬ್ ಪತ್ತೆ ಕಲಿಸುತ್ತದೆ. ಸ್ಫೋಟಕದ ವಾಸನೆ ಗುರುತಿಸಿದರೆ ‘ಟಿಕ್’ ಎಂಬ ಸದ್ದು, ಹಿಂದೆಯೇ ಬಾಳೆಹಣ್ಣಿನಂಥ ತಿನಿಸು. ಹೀಗೆ ಕಲಿತ ಮಗಾವಾ ಎಂಬ ಇಲಿ ಕಾಂಬೋಡಿಯಾದಲ್ಲಿ ನೂರಕ್ಕೂ ಹೆಚ್ಚು ನೆಲಬಾಂಬು, ಸ್ಫೋಟಕಗಳನ್ನು ಹುಡುಕಿಕೊಟ್ಟಿತು. 2020ರಲ್ಲಿ ಅದಕ್ಕೆ ಬ್ರಿಟನ್ನಿನ ಪ್ರಾಣಿದಯಾ ಸಂಸ್ಥೆ ಪಿಡಿಎಸ್‌ಎ ಚಿನ್ನದ ಪದಕ ಬಂತು.

ಮತ್ತೆ ಅಂಗಡಿಗೆ ಬರೋಣ. ‘ನಾನೇನು ದಿನಾ ಕೊಡಿಸ್ತೀನಾ, ಅಪರೂಪಕ್ಕೊಮ್ಮೆ’ ಎನ್ನುತ್ತೇವಲ್ಲ, ತೊಡಕು ಇರುವುದು ಆ ಅಪರೂಪದಲ್ಲೇ. ಇದನ್ನೂ ಇಲಿಗಳೇ ತೋರಿಸಿದವು. ಸ್ಕಿನ್ನರ್ ತಮ್ಮ ಇಲಿಗಳ ಗುಳಿಗೆಗಳನ್ನು ತಾವೇ ಮಾಡಿಕೊಳ್ಳುತ್ತಿದ್ದರು. ಎಂಟು ಇಲಿಗಳು, ದಿನಕ್ಕೆ ತಲಾ ನೂರು ಗುಳಿಗೆ. ಒಂದು ಶನಿವಾರ ದಾಸ್ತಾನು ನೋಡಿದರೆ ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಖಾಲಿಯಾಗುವಂತಿತ್ತು. ಪ್ರತಿ ಒತ್ತಿಗೂ ಯಾಕೆ ಕೊಡಬೇಕು, ನಿಮಿಷಕ್ಕೊಂದು ಕೊಟ್ಟರಾಗದೇ ಎಂದುಕೊಂಡರು. ಇಲಿಗಳು ಒತ್ತುತ್ತಲೇ ಹೋದವು. ಆಗೊಮ್ಮೆ ಈಗೊಮ್ಮೆ ಸಿಕ್ಕಿದ್ದನ್ನು ತಿಂದು ಕಲಿತ ಪ್ರಾಣಿ, ಆಹಾರ ಪೂರ್ತಿ ನಿಂತ ಮೇಲೂ ಬಹಳ ಹೊತ್ತು ಪಟ್ಟು ಬಿಡುವುದಿಲ್ಲ. ಜೂಜಿನ ಯಂತ್ರದ ಮುಂದೆ ಕೂತವರು ಏಳದಿರುವುದಕ್ಕೆ ಇದೂ ಒಂದು ಕಾರಣ. ನಾಲ್ಕು ಸಲ ಇಲ್ಲ ಎಂದು ಐದನೆಯ ಸಲ ಸೋಲುವ ನಾವು ಮಗುವಿಗೆ ಹಟವನ್ನು ಎರಕ ಹೊಯ್ದು ಕೊಡುತ್ತೇವೆ.

ಕೊಡುವುದನ್ನು ನಿಲ್ಲಿಸಿದ ಮೊದಲ ದಿನಗಳಲ್ಲಿ ಅಳು ಜೋರಾಗುವುದೂ ಉಂಟು. ಅದು ತಾರಕಕ್ಕೇರಿದಾಗ ಸೋತರೆ, ಇನ್ನು ಮೇಲೆ ಅಷ್ಟು ಜೋರಾಗಿಯೇ ಅಳಬೇಕು ಎಂದು ಮಗು ಕಲಿಯುತ್ತದೆ. ಅಳು ಇಳಿದು, ಹುಡುಗ ಮೂಗೊರೆಸಿಕೊಂಡು ಅಮ್ಮನ ಚೀಲದ ಕಿವಿ ಹಿಡಿದು ನಿಲ್ಲುತ್ತಾನಲ್ಲ, ‘ಜಾಣ’ ಎಂದು ತಲೆ ಸವರಬೇಕಾದದ್ದು ಆಗ. ಅಲ್ಲಿಯವರೆಗೆ ಆ ತಾಯಿ ತಾಳಿಕೊಳ್ಳಬೇಕು. ಹಿಂದೆ ನಿಂತ ನಾವು ಆಕೆಯತ್ತ ದುರುಗುಟ್ಟದೆ, ನಮ್ಮ ಸಾಮಾನಿನ ಚೀಟಿ ನೋಡಿಕೊಂಡಿದ್ದರೆ ಅದು ಸ್ವಲ್ಪ ಸುಲಭವಾದೀತು.