ಮೂಕ ಓಟಗಾರ

ಓಟವು ಕುದುರೆಯ ಸ್ವಭಾವ. ಪಂದ್ಯವು ಮನುಷ್ಯನ ಏರ್ಪಾಡು. ಪಂದ್ಯದ ಕುದುರೆಯ ತೂಕ ಸುಮಾರು 450ರಿಂದ 500 ಕಿಲೋಗ್ರಾಂ. ನಾಗಾಲೋಟದಲ್ಲಿ ಕೆಲವು ಕ್ಷಣ ಆ ಭಾರವೆಲ್ಲ ಒಂದೇ ಕಾಲಿನ ಮೇಲೆ ಬೀಳುತ್ತದೆ. ಎಲುಬುಗಳು ಪೂರ್ಣ ಬಲಿಯುವ ಮೊದಲೇ, ಎರಡು ವರ್ಷ ವಯಸ್ಸಿಗೇ ಕುದುರೆಗಳನ್ನು ಪಂದ್ಯಕ್ಕಿಳಿಸುವುದುಂಟು. ಭಾರವಾದ ಶರೀರದ ಕಾರಣ, ಕಾಲು ಮುರಿದ ಕುದುರೆ ದೀರ್ಘಕಾಲ ಮಲಗಿ ಚೇತರಿಸಿಕೊಳ್ಳಲಾರದು. ಹಲವು ವೇಳೆ ಅದಕ್ಕೆ ದಯಾಮರಣವೇ ಗತಿ.

ಕುದುರೆಪಂದ್ಯವು ಕೇವಲ ಜೂಜಲ್ಲ, ಕೌಶಲದ ಆಟವೆಂದು ಭಾರತದ ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ತೀರ್ಪಿತ್ತಿತು. ಅದು ಪಣ ಕಟ್ಟುವವರ ಪ್ರಶ್ನೆಗೆ ದೊರೆತ ಉತ್ತರ. ಕುದುರೆಯ ಪ್ರಶ್ನೆ ಬೇರೆ. ವೇಗ ಹೆಚ್ಚಿಸಲು ಚಾವಟಿ ಬೀಸುವುದನ್ನು ನಾರ್ವೆ ದೇಶವು 1982ರಲ್ಲಿಯೇ ನಿಷೇಧಿಸಿತು. ಅದರಿಂದ ಅಲ್ಲಿ ಪಂದ್ಯಗಳೇನೂ ನಿಲ್ಲಲಿಲ್ಲ. ದಣಿದೆನೆಂದು ಹೇಳಲಾರದ ಪ್ರಾಣಿಯನ್ನು ಓಡಿಸುವವನು, ಅದರ ದಣಿವನ್ನು ತಾನೇ ಅರಿಯಬೇಕು.